ಮಾಸ್ಕಿನ ಆರು ತೂತು

ಮೇ ೨೮

ಮೊಂಡಿಗೆ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಶುರುಮಾಡುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ, ನೀನು ಕ್ಷೇಮವೆಂದು ನಾನು ನಂಬಿಯೂ ಇಲ್ಲ. ಅಲ್ಲಿಗೆ ಆ ಶಾಸ್ತ್ರ ಮುಗಿಯಿತು.

ನಿನ್ನ ಪತ್ರ ಬಂತು. ಮಿಲ್ಲಿನ ಹೊಸ ಮೇಸ್ತ್ರಿಯ ಮೀಸೆ, ನೆಲಮಹಡಿಯ ಬೆಕ್ಕು ಮರಿ ಹಾಕಿದ್ದು, ಮರಿಗಳ ಬಣ್ಣ, ಎಲ್ಲ ಎರಡು ಪುಟ ಬರೆದಿದ್ದೀಯ. ಕೊನೆಗೆ ಒಂದು ಸಾಲು: ಮಗ್ಗದ ಮುಂದೆ ನಿಂತಲ್ಲೇ ನಿದ್ದೆ ಬಂತು, ಬೆರಳಿಗೆ ಏಟಾಯಿತು, ಮಿಲ್ಲಿನ ಡಾಕ್ಟರು ಪರೀಕ್ಷೆ ಮಾಡಿ ಒಂದು ಗಾಳಿಯಂತ್ರ ಕೊಟ್ಟರು, ಬೀರುವಿನ ಮೇಲೆ ಇಟ್ಟಿದ್ದೇನೆ. ಬೆಕ್ಕಿಗೆ ಎರಡು ಪುಟ, ಜೀವಕ್ಕೆ ಒಂದು ಸಾಲು. ನಿನ್ನ ತಲೆಯೊಳಗೆ ಇರುವುದು ಮಿದುಳೋ ಹತ್ತಿಯೋ?

ಅದು ಏನು ಕಾಯಿಲೆ ಅಂತ ಡಾಕ್ಟರು ಹೇಳಿರುತ್ತಾರೆ, ನೀನು ಅವರ ತುಟಿ ನೋಡದೆ ಅವರ ಮೇಜಿನ ಮೇಲಿನ ಬಟ್ಟೆ ನೋಡುತ್ತ ಕೂತಿರುತ್ತೀಯ. ಅದಕ್ಕೇ ನಾನು ಬರೆಯುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ನನಗೇ ಅರ್ಥವಾಗಿದೆ ಅಂದಮೇಲೆ ನಿನಗೂ ಆಗಬೇಕು. ಹಳೆಯ ರಬ್ಬರ್ ಪೈಪಿನ ಒಂದು ತುದಿಗೆ ಬಾಯಿಟ್ಟು ಜೋರಾಗಿ ಹೀರಿದರೆ ಪೈಪು ಒಳಗಿಂದ ಅಂಟಿಕೊಳ್ಳುತ್ತದಲ್ಲ, ನಿದ್ದೆಯಲ್ಲಿ ನಮ್ಮ ಗಂಟಲು ಹಾಗೆ ಅಂಟಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ. ಮೈ ಬೆಚ್ಚಿಬಿದ್ದು ನಮ್ಮನ್ನು ಎಬ್ಬಿಸುತ್ತದೆ, ಮತ್ತೆ ಮಲಗುತ್ತೇವೆ, ಎದ್ದದ್ದೇ ಗೊತ್ತಿರುವುದಿಲ್ಲ. ನನಗೆ ಗಂಟೆಗೆ ನಲವತ್ತೊಂದು ಸಲ. ಹಗಲು ತೂಕಡಿಕೆ ಬರದೆ ಇನ್ನೇನು ಬರುತ್ತದೆ? ಯಂತ್ರ ಕೊಳವೆ, ಮಾಸ್ಕಿನ ಮೂಲಕ ಮೂಗಿಗೆ ಗಾಳಿಯನ್ನು ಒತ್ತಿ ಆ ಪೈಪು ಅಂಟದ ಹಾಗೆ ಹಿಡಿದಿರುತ್ತದೆ. ಅಷ್ಟೇ ಅದರ ಕೆಲಸ.

ಹೌದು, ನನಗೂ ಬಂದಿದೆ. ನಿನಗೆ ಬರೆದಿರಲಿಲ್ಲ. ಚಳಿಗಾಲದಲ್ಲಿ ಲಾಂಡ್ರಿಯಲ್ಲಿ ಸ್ಟೀಮ್ ಪೈಪಿಗೆ ವಾಲ್ವು ಕೂರಿಸುತ್ತಾ ಏಣಿಯ ಮೇಲೇ ನಿದ್ದೆಹೋದೆ. ಕೆಳಗೆ ಒಗೆಯುವ ಆಸ್ಪತ್ರೆ ಚಾದರಗಳ ರಾಶಿ ಇತ್ತು, ಬದುಕಿದೆ. ನಿನ್ನ ಅತ್ತಿಗೆ ಅಂದೇ ಅಂದಳು, 'ನಲವತ್ತು ವರ್ಷದಿಂದ ನಿಮ್ಮ ಗೊರಕೆ ಕೇಳಿ ನಾನು ನಿದ್ದೆಗೆಟ್ಟೆ. ಈಗ ನೀವು ಏಣಿ ಮೇಲೆ ಮಲಗಿ ಸಂಬಳ ತಗೊಳ್ತೀರಾ?' ಕೈಹಿಡಿದು ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಈಗ ಮೂರು ವಾರದಿಂದ ಹಾಕಿಕೊಳ್ಳುತ್ತಿದ್ದೇನೆ.

ಇವತ್ತೇ ಕೆಳಗಿಳಿಸು.

ನಿನ್ನ ಅಣ್ಣ



ಜೂನ್ ೯

ಅಣ್ಣ,

ಬೈಗುಳ ತಲುಪಿತು. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಚಾದರದ ರಾಶಿಗೂ ಹೇಳು.

ಯಂತ್ರವನ್ನು ಒಂದು ಸಲ ಹಾಕಿ ನೋಡಿದ್ದೇನೆ. ಕನ್ನಡಿಯಲ್ಲಿ ನೋಡಿಕೊಂಡರೆ ಮೂತಿಗೆ ಚೀಲ ಕಟ್ಟಿದ ಕುದುರೆಯ ಹಾಗಿದ್ದೆ. ಗಾಳಿ ನುಗ್ಗಿದ ಕೂಡಲೇ ಯಾರೋ ನನ್ನ ಬದಲಿಗೆ ಉಸಿರಾಡುತ್ತಿದ್ದಾರೆ ಅನ್ನಿಸಿತು. ಕಿತ್ತು ಎಸೆದೆ.

ಮೂವತ್ತು ವರ್ಷ ರಾತ್ರಿಪಾಳಿ ಮಾಡಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಮಲಗಿದರೆ ಎರಡಕ್ಕೆ ಏಳುತ್ತೇನೆ, ರಜೆಯಿದ್ದರೂ ಹಾಗೇ. ಗೊರಕೆ ಹೊಡೆಯುತ್ತೇನಂತೆ. ಕೇಳುವವರು ಯಾರು? ನನಗಂತೂ ಕೇಳಿಸುವುದಿಲ್ಲ. ಕಿವಿಯನ್ನು ಮಗ್ಗಗಳೇ ತಿಂದುಹಾಕಿದ್ದರಲ್ಲಿ ಇದೊಂದು ಲಾಭ. ಪಕ್ಕದ ಕೋಣೆಯ ಗಡಿಯಾರ ರಿಪೇರಿಯವನು ಮಾತ್ರ ಗೋಡೆ ನಡುಗುತ್ತದೆ ಅನ್ನುತ್ತಾನೆ. ಅವನಿಗೆ ಏನಾದರೂ ಬೇಕಿದ್ದರೆ ದಾರ ಎಳೆಯುತ್ತಾನೆ. ನೆನಪಿದೆ ತಾನೆ, ಬಾಗಿಲ ಸಂದಿನಿಂದ ನೂಲಿನ ಹುರಿ ತಂದು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗುವುದು? ಬಾಗಿಲು ಬಡಿದರೆ ನನಗೆ ಗೊತ್ತಾಗುವುದಿಲ್ಲ. ಹುರಿ ಎಳೆದರೆ ಏಳುತ್ತೇನೆ.

ನೀನು ಹೆದರಿಸಬೇಡ. ಅಪ್ಪನೂ ಹೀಗೇ ಗೊರಕೆ ಹೊಡೆಯುತ್ತಿದ್ದರು. ನಿದ್ದೆಯಲ್ಲೇ ಹೋದರು. ಎಣ್ಣೆ ತೀರಿದ ದೀಪದ ಹಾಗೆ, ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ ಅಂತ ನೀನೇ ತಾನೆ ಹೇಳಿದ್ದು? ನಾನೂ ನೋಡಿದೆನಲ್ಲ, ಮಗುವಿನ ಹಾಗೆ ಮಲಗಿದ್ದರು. ಅಂಥ ಸಾವು ಪುಣ್ಯ ಮಾಡಿದವರಿಗೆ ಬರುತ್ತದೆ. ನನಗೂ ಬಂದರೆ ಬೇಡ ಅನ್ನುವುದಿಲ್ಲ. ಹಿಂದೆ ಅಳುವವರು ನನಗೆ ಯಾರಿದ್ದಾರೆ, ನೀನೊಬ್ಬ ಬೈಯುವವನು ಬಿಟ್ಟು?

ಬೆಕ್ಕಿನ ಮರಿಗಳು ಕಣ್ಣು ಬಿಟ್ಟಿವೆ.

ತಂಗಿ



ಜೂನ್ ೧೫

ಮೊಂಡಿ,

ಈ ಪತ್ರ ಐದನೇ ಸಲ ಬರೆಯುತ್ತಿದ್ದೇನೆ. ಮೊದಲ ನಾಲ್ಕು ಒಲೆಗೆ ಹೋದವು. ಅತ್ತಿಗೆ ಕೇಳಿದಳು, 'ಅದೇನ್ರೀ ಅಷ್ಟೊಂದು ಕಾಗದ ಸುಡ್ತಿದೀರಾ, ಯಾರಿಗೆ ಪ್ರೇಮಪತ್ರ?' ಅವಳಿಗೂ ಹೇಳಿಲ್ಲ. ಈ ನಲವತ್ತನಾಲ್ಕು ವರ್ಷದಲ್ಲಿ ಯಾರಿಗೂ ಹೇಳಿಲ್ಲ.

ಅಪ್ಪ ದೀಪದ ಹಾಗೆ ಹೋಗಲಿಲ್ಲ.

ನೀನು ಹನ್ನೊಂದು ವರ್ಷದವಳು, ಅಮ್ಮನ ಜೊತೆ ಒಳಗಿನ ಕೋಣೆಯಲ್ಲಿ ಮಲಗಿದ್ದೆ. ನಾನು ಅಪ್ಪನ ಪಕ್ಕದಲ್ಲಿ, ಹೊರಗಿನ ಕೋಣೆಯಲ್ಲಿ. ನನಗೆ ಹದಿನೇಳು. ಬೆಳಿಗ್ಗೆ ಐದಕ್ಕೆ ಬಾಯ್ಲರಿನ ಕೆಲಸಕ್ಕೆ ಹೋಗಬೇಕಿತ್ತು. ಅಪ್ಪನ ಗೊರಕೆ ಮರ ಕೊಯ್ದ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಕಾಲಿನಿಂದ ಮಂಚ ಒದ್ದೆ. ಗೊರಕೆ ನಿಂತಿತು. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಶಬ್ದ ಮಾಡಿ ಮತ್ತೆ ಶುರುಮಾಡಿದರು. ಮತ್ತೆ ನಿಂತಿತು. ಮತ್ತೆ ಆ ಶಬ್ದ. ಹೀಗೇ ನಡೆದಿತ್ತು. ಆಮೇಲೆ ಒಂದು ಸಲ ನಿಂತದ್ದು ಮತ್ತೆ ಶುರುವಾಗಲಿಲ್ಲ.

ನಾನು ಏನು ಮಾಡಿದೆ ಗೊತ್ತಾ? 'ಅಬ್ಬಾ, ಕೊನೆಗೂ ನಿಲ್ಲಿಸಿದ್ರಲ್ಲ ಮಾರಾಯ್ರು' ಅಂದುಕೊಂಡೆ. ಮಗ್ಗುಲು ತಿರುಗಿ ಮಲಗಿದೆ. ಖುಷಿಯಾಗಿ ಮಲಗಿದೆ. ಅಷ್ಟು ಒಳ್ಳೆಯ ನಿದ್ದೆ ನನಗೆ ಮತ್ತೆ ಬರಲೇ ಇಲ್ಲ.

ನಾಲ್ಕೂವರೆಗೆ ದೀಪ ಹಚ್ಚಿದರೆ ಅಪ್ಪನ ಬಾಯಿ ಅಗಲಕ್ಕೆ ತೆರೆದಿತ್ತು. ಎರಡು ಕೈಯಲ್ಲೂ ಹಾಸಿಗೆಯ ಬಟ್ಟೆಯನ್ನು ಮುಷ್ಟಿಮಾಡಿ ಹಿಡಿದಿದ್ದರು. ಒಂದೊಂದೇ ಬೆರಳು ಬಿಡಿಸಿದೆ. ಬಾಯಿ ಮುಚ್ಚಿಸಿದೆ. ಹಣೆಯ ಗೆರೆಗಳನ್ನು ಅಂಗೈಯಿಂದ ತೀಡಿದೆ. ಮಗುವಿನ ಹಾಗೆ ಮಲಗಿಸಿದವನು ನಾನು. ಆಮೇಲೆ ನಿಮ್ಮನ್ನು ಕರೆದೆ. ನೀನು ನೋಡಿದ್ದು ನನ್ನ ಕೈಕೆಲಸ.

ಹೃದಯವೋ ಇದೇ ಕಾಯಿಲೆಯೋ, ಈಗ ಯಾರು ಹೇಳುತ್ತಾರೆ? ಅಪ್ಪ ನಿದ್ದೆಯಲ್ಲಿ ಹೋದರು ಅಂತಷ್ಟೇ ಹೇಳಿ ಕೇಳಿದ್ದಕ್ಕೆ ನಮ್ಮ ಡಾಕ್ಟರೂ ಹೇಳಲಾರೆ ಅಂದರು. ಆದರೆ ಆ ಶಬ್ದ ನನಗೆ ಗೊತ್ತು. ಪರೀಕ್ಷೆಯ ದಿನ ನನ್ನ ನಿದ್ದೆಯ ಶಬ್ದವನ್ನು ಹಿಡಿದು ನನಗೇ ಕೇಳಿಸಿದರು. ಅಪ್ಪ ಕೋಣೆಯೊಳಗೆ ಬಂದ ಹಾಗಾಯಿತು. ಎದ್ದು ಹೊರಗೆ ಹೋಗಿಬಿಟ್ಟೆ.

ನನಗೆ ಹೆದರಿಕೆಯಾಗುತ್ತದೆ. ಈ ಮಾತು ನಾನು ಬರೆದದ್ದು ಇದೇ ಮೊದಲು. ಅಂಥ ಸಾವು ಬೇಕು ಅಂತ ನೀನು ಬರೆದ ಸಾಲನ್ನು ದಿನಾ ತೆಗೆದು ಓದುತ್ತಿದ್ದೇನೆ. ಆ ಸಾಲು ನಿನ್ನ ತಲೆಗೆ ಹಾಕಿದವನು ನಾನೇ.

ಅದನ್ನು ಕೆಳಗಿಳಿಸು ತಾಯಿ. ಇಷ್ಟು ಕೇಳಿಕೊಳ್ಳುತ್ತೇನೆ.

ಅಣ್ಣ



ಜುಲೈ ೧೦

ಅಣ್ಣ,

ಬೀರುವಿನಿಂದ ಇಳಿಸಿದ್ದೇನೆ. ಹನ್ನೆರಡು ದಿನ ಆಯಿತು.

ಕೆಲವು ವಿಷಯ ಕೇಳಬೇಕಿತ್ತು. ಮಾಸ್ಕಿನ ಪಟ್ಟಿ ಬಿಗಿಮಾಡಿದರೆ ಕೆನ್ನೆಯ ಮೇಲೆ ಗೆರೆ ಬೀಳುತ್ತದೆ. ಮಿಲ್ಲಿನಲ್ಲಿ ಎಲ್ಲರೂ 'ಯಾರ ಜೊತೆ ಕುಸ್ತಿ?' ಅಂತ ಸನ್ನೆ ಮಾಡುತ್ತಾರೆ. ಸಡಿಲ ಮಾಡಿದರೆ ಕಣ್ಣಿಗೆ ಗಾಳಿ. ಎದ್ದಾಗ ಬಾಯಿ ಒಣಗಿ ನಾಲಿಗೆ ಚಪ್ಪಲಿಯ ಹಾಗೆ. ಪೆಟ್ಟಿಗೆಯಲ್ಲಿ ಗದ್ದಕ್ಕೆ ಕಟ್ಟುವ ಪಟ್ಟಿಯೊಂದಿದೆ, ಅದು ಬೇಕಾ? ಗಾಳಿಯ ಕೊಳವೆಯೂ ಕಾಲಿನ ಹುರಿಯೂ ಸುತ್ತಿಕೊಂಡು ಮೊನ್ನೆ ಮೀನಿನ ಬಲೆಯಲ್ಲಿ ಸಿಕ್ಕಿದವಳಂತೆ ಎದ್ದೆ. ಇನ್ನೊಂದು. ಕೊಳವೆ ಮಾಸ್ಕಿಗೆ ಸೇರುವ ಕಡೆ, ಮೂಗಿನ ಮುಂದೆ, ಆರು ಸಣ್ಣ ತೂತುಗಳಿವೆ. ಅಲ್ಲಿಂದ ಗಾಳಿ ಹೊರಗೆ ಬರುತ್ತದೆ. ಸರಿಯಾ ಅದು?

ನೀನು ಬರೆದದ್ದನ್ನು ಓದಿದೆ.

ತಂಗಿ



ಜುಲೈ ೧೮

ನನ್ನ ಜಾಣ ಮೊಂಡಿಗೆ,

ಹನ್ನೆರಡು ದಿನ! ಅತ್ತಿಗೆಗೆ ಓದಿ ಹೇಳಿದೆ. 'ನಿಮ್ಮ ವಂಶದಲ್ಲಿ ಒಬ್ಬರಾದ್ರೂ ಮಾತು ಕೇಳೋರು ಹುಟ್ಟಿದ್ರಲ್ಲ' ಅಂದಳು.

ಈಗ ಕಿವಿಯಿಲ್ಲದಿದ್ದರೂ ಕಣ್ಣಾದರೂ ಬಿಟ್ಟು ಓದು. ಪಟ್ಟಿ ಬಿಗಿಯುವುದು ಅಂದರೆ ಬೋಲ್ಟು ಬಿಗಿಯುವುದಲ್ಲ. ನಾನೂ ಮೊದಲು ಹಾಗೇ ಮಾಡಿ ಮೂಗಿನ ಮೇಲೆ ಹುಣ್ಣು ಮಾಡಿಕೊಂಡೆ. ಮಲಗಿಕೊಂಡು, ಗಾಳಿ ಹಾಕಿಕೊಂಡು, ಆಮೇಲೆ ಪಟ್ಟಿ ಹೊಂದಿಸು. ಕೂತು ಹೊಂದಿಸಿದರೆ ಮಲಗಿದಾಗ ಮುಖದ ಆಕಾರವೇ ಬೇರೆಯಾಗುತ್ತದೆ. ಪಟ್ಟಿಯ ಕೆಳಗೆ ಒಂದು ಬೆರಳು ಹೋಗಬೇಕು. ಮುಖಕ್ಕೆ ಎಣ್ಣೆ, ಕ್ರೀಮು ಹಚ್ಚಿಕೊಂಡು ಮಲಗಬೇಡ, ರಬ್ಬರು ಜಾರುತ್ತದೆ. ಎದ್ದ ಕೂಡಲೇ ಮಾಸ್ಕನ್ನು ಸ್ವಲ್ಪ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಯಂತ್ರದ ಹಿಂದೆ ಸ್ಪಂಜಿನಂಥ ಜಾಲರಿ ಇದೆ, ನಿನ್ನ ಮೈಮೇಲಿನ ಹತ್ತಿಧೂಳಿಗೆ ಅದು ಎರಡೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ, ನೋಡುತ್ತಿರು. ಗಾಳಿಯನ್ನು ತೇವಮಾಡುವ ನೀರಿನ ಡಬ್ಬಿಯಲ್ಲಿ ನಿನ್ನೆಯ ನೀರು ಇವತ್ತು ಇರಬಾರದು. ನಲ್ಲಿ ನೀರಂತೂ ಬೇಡವೇ ಬೇಡ, ಬಾಯ್ಲರಿನಲ್ಲಿ ಉಪ್ಪುಗಟ್ಟಿದ ಹಾಗೆ ಕಟ್ಟುತ್ತದೆ. ಔಷಧಿ ಅಂಗಡಿಯ ಭಟ್ಟಿಯಿಳಿಸಿದ ನೀರು ಹಾಕು.

ಉಸಿರುಗಟ್ಟಿದ ಹಾಗೆ ಅನ್ನಿಸಿದರೆ ಕಿತ್ತು ಎಸೆಯಬೇಡ. ಎಚ್ಚರವಿದ್ದಾಗಲೇ ಹಾಕಿಕೊಂಡು ಕುರ್ಚಿಯ ಮೇಲೆ ಅರ್ಧ ಗಂಟೆ ಕೂರು, ಏನಾದರೂ ಹೊಲಿ. ಯಂತ್ರದಲ್ಲಿ ಒಂದು ಗುಂಡಿಯಿದೆ, ಒತ್ತಿದರೆ ಮೊದಲು ಮೆಲ್ಲಗೆ ಊದಿ ಆಮೇಲೆ ಜೋರಾಗುತ್ತದೆ.

ಬಾಯಿ ಒಣಗುವುದು ನೀನು ಬಾಯಿ ಬಿಟ್ಟು ಮಲಗುವುದರಿಂದ. ಗದ್ದದ ಪಟ್ಟಿ ಕಟ್ಟು, ಬಾಯಿ ಮುಚ್ಚಿರಲಿ. ಕೊಳವೆಯನ್ನು ತಲೆಯ ಮೇಲೆ ಗೋಡೆಯ ಮೊಳೆಗೆ ನೇತುಹಾಕು. ಆ ಹುರಿ ಗಿರಿ ಎಲ್ಲ ಬಿಚ್ಚಿ ಎಸೆ. ಗಡಿಯಾರದವನಿಗೆ ಏನಾದರೂ ಬೇಕಿದ್ದರೆ ಎರಡು ಗಂಟೆಯವರೆಗೆ ಕಾಯಲಿ, ಗಡಿಯಾರ ಅವನ ಹತ್ತಿರವೇ ಇದೆಯಲ್ಲ.

ಇನ್ನು ಆ ಆರು ತೂತು. ನನ್ನದರಲ್ಲೂ ಇವೆ. ಕಂಪನಿಯವರ ಕೆಲಸ ಅಂದರೆ ಹೀಗೇ. ನಲವತ್ತು ವರ್ಷ ಸೋರಿಕೆ ಮುಚ್ಚಿದವನು ನಾನು. ಒತ್ತಡದ ಗಾಳಿ ಹೋಗುವ ದಾರಿಯಲ್ಲಿ ತೂತು ಬಿಡುತ್ತಾರಾ? ಅತ್ತಿಗೆಯ ಕತ್ತಿಗೆ ರಾತ್ರಿಯಿಡೀ ತಣ್ಣಗೆ ಗಾಳಿ ಹೊಡೆದು, ಅವಳು 'ನಿಮ್ಮ ಗೊರಕೇನೇ ವಾಸಿ ಇತ್ತು' ಅಂತ ಗೋಡೆ ಕಡೆ ತಿರುಗಿದಳು. ಹೋದ ಭಾನುವಾರ ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ, ಉಜ್ಜಿ, ಅಂಟು ಹಚ್ಚಿ ಮುಚ್ಚಿದೆ. ಒಂದು ಗುಳ್ಳೆ ಗಾಳಿ ಹೋಗುವುದಿಲ್ಲ, ನೀರಲ್ಲಿ ಮುಳುಗಿಸಿ ನೋಡಿದ್ದೇನೆ. ನಿನಗೂ ಅದೇ ಅಳತೆಯ ಪ್ಯಾಚು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಬಿಗಿಯಾಗಿ ಒತ್ತು.

ಎರಡು ದಿನದಿಂದ ಬೆಳಿಗ್ಗೆ ತಲೆನೋವು. ಮಳೆಗಾಲದ್ದಿರಬೇಕು.

ನಿನ್ನ ಅಣ್ಣ



ತಂತಿ. ಜುಲೈ ೨೩

ಮಾಸ್ಕಿನ ತೂತು ಮುಚ್ಚಬೇಡ. ಮುಚ್ಚಿದ್ದರೆ ಈಗಲೇ ಕೀಳು. ಗದ್ದದ ಪಟ್ಟಿ ಬಿಚ್ಚು. ಉತ್ತರ ಕಳಿಸು. ಅಣ್ಣ.



ಜುಲೈ ೨೩, ಸಂಜೆ

ಮೊಂಡಿ,

ತಂತಿ ಕಳಿಸಿ ಅಂಚೆಕಚೇರಿಯ ಬೆಂಚಿನ ಮೇಲೇ ಕೂತು ಬರೆಯುತ್ತಿದ್ದೇನೆ.

ಇವತ್ತು ಯಂತ್ರ ತೋರಿಸಲು ಹೋಗಿದ್ದೆ. ಅಲ್ಲಿ ಯಂತ್ರ ನೋಡಿಕೊಳ್ಳುವ ಹುಡುಗಿಯೊಬ್ಬಳು ಇದ್ದಾಳೆ, ನನ್ನ ಮೊಮ್ಮಗಳ ವಯಸ್ಸು. ಮಾಸ್ಕು ಕೈಗೆ ತೆಗೆದುಕೊಂಡವಳು ಹಾಗೇ ನಿಂತಳು.

'ಅಜ್ಜಾ, ಏನಿದು?'

'ಪ್ಯಾಚು. ಲೀಕಾಗ್ತಿತ್ತು, ಮುಚ್ಚಿದೆ.'

'ಲೀಕಲ್ಲ ಅದು! ನೀವು ಬಿಟ್ಟ ಉಸಿರು ಹೊರಗೆ ಹೋಗೋ ದಾರಿ! ಬೇಕೂಂತಲೇ ಬಿಟ್ಟಿರೋದು. ಅದನ್ನ ಮುಚ್ಚಿದ್ರೆ ನೀವು ಬಿಟ್ಟ ಕೆಟ್ಟ ಗಾಳೀನೇ ಮತ್ತೆ ಮತ್ತೆ ಎಳ್ಕೊಳ್ತೀರಿ. ತಲೆನೋವು ಬಂದಿರ್ಬೇಕಲ್ಲ?'

ಬಂದಿದೆ ಅಂದೆ.

'ನೀವು ಬಾಯಿ ಬಿಟ್ಕೊಂಡು ಮಲಗ್ತೀರಿ, ಅದಕ್ಕೇ ಅಷ್ಟಕ್ಕೆ ಮುಗೀತು. ಬಾಯಿ ಮುಚ್ಕೊಂಡು ಮಲಗೋರಾಗಿದ್ರೆ ಗತಿಯೇನು?' ಅಂದಳು. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ, 'ಬೇರೆ ಯಾರಿಗಾದ್ರೂ ಹೀಗೆ ಮಾಡಿ ಅಂತ ಹೇಳಿದೀರಾ ಅಜ್ಜಾ?' ಅಂತ ಕೇಳಿದಳು.

ಯಂತ್ರ ಬಗಲಿಗೆ ಸಿಕ್ಕಿಸಿಕೊಂಡು ಅಂಚೆಕಚೇರಿಗೆ ಓಡಿದೆ.

ಮಿಲ್ಲಿಗೆ ಫೋನು ಮಾಡಿಸಿದೆ. ಮಗ್ಗಗಳ ದುರಸ್ತಿ, ೨೮ರವರೆಗೆ ಮಿಲ್ಲಿಗೆ ರಜೆ ಅಂದ ಕಾವಲಿನವನು. 'ಯಾರನ್ನಾದ್ರೂ ಅವಳ ಕೋಣೆಗೆ ಕಳಿಸಪ್ಪಾ' ಅಂದರೆ 'ಗೇಟು ಬಿಟ್ಟು ಹೋದ್ರೆ ನನ್ನ ಕೆಲಸ ನೀವು ಕೊಡ್ತೀರಾ?' ಅಂದ. ನಿಮ್ಮ ಕಟ್ಟಡದಲ್ಲಿ ಫೋನಿಲ್ಲ. ನಾನು ಹಾಕಿದ ಪತ್ರ ನಿನ್ನೆಯೋ ಇವತ್ತೋ ನಿನ್ನ ಕೈಗೆ ಬಂದಿರುತ್ತದೆ. ತಂತಿಯವನು ನಾಳೆ ಬಂದು ಬಾಗಿಲು ಬಡಿಯುತ್ತಾನೆ. ನೀನು ಮಲಗಿರುತ್ತೀಯ. ಅವನಿಗೆ ಹುರಿಯ ವಿಷಯ ಗೊತ್ತಿಲ್ಲ.

ಹುರಿಯನ್ನೂ ನಾನೇ ಬಿಚ್ಚಿಸಿದ್ದೇನೆ.

ಬಾಯಿ ಕಟ್ಟು ಅಂದೆ. ತೂತು ಮುಚ್ಚು ಅಂದೆ. ಹುರಿ ಬಿಚ್ಚು ಅಂದೆ. ನಿನ್ನನ್ನು ಕೊಲ್ಲಬೇಕು ಅಂತ ಹಟ ಹಿಡಿದವನು ಕೂಡ ಇಷ್ಟು ಅಚ್ಚುಕಟ್ಟಾಗಿ ಬರೆಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ನನ್ನ ಒಂದು ಮಾತೂ ಕೇಳದವಳು ನೀನು. ಯಂತ್ರ ಇಳಿಸು ಅಂದೆ, ಇಳಿಸಿದೆ. ಈಗ ಇದನ್ನೂ ಕೇಳಿಬಿಟ್ಟರೆ?

ನಾಳೆ ಉತ್ತರ ಬಾರದಿದ್ದರೆ ಸಂಜೆಯ ಬಸ್ಸು ಹತ್ತುತ್ತೇನೆ.

ಅಣ್ಣ



ಜುಲೈ ೨೫, ನಿನ್ನ ಕೋಣೆ, ಬೆಳಿಗ್ಗೆ ಹತ್ತೂ ಮುಕ್ಕಾಲು

ಮೊಂಡಿ,

ನೀನು ಎದ್ದು, ಬಾಗಿಲ ಚಿಲಕ ಮುರಿದದ್ದೂ ಕುರ್ಚಿಯ ಮೇಲೆ ಒಬ್ಬ ಮುದುಕ ಕೂತದ್ದೂ ನೋಡಿ ಹೆದರಬಾರದು. ಅದಕ್ಕೇ ಮೊದಲೇ ಬರೆದಿಡುತ್ತಿದ್ದೇನೆ. ಮುದುಕ ನಿನ್ನ ಅಣ್ಣ. ಚಿಲಕ ಮುರಿದವನೂ ಅವನೇ. ಹೇಗಿದ್ದರೂ ನಿನ್ನ ಜೊತೆ ಮಾತಾಡಬೇಕಾದರೆ ಬರೆಯಲೇಬೇಕಲ್ಲ.

ನಿನ್ನೆ ಹೊರಟವನು ಇವತ್ತು ಒಂಬತ್ತೂವರೆಗೆ ಇಳಿದೆ. ಮೆಟ್ಟಿಲು ಓಡಿ ಹತ್ತಿದೆ. ಬಾಗಿಲು ಒಳಗಿಂದ ಹಾಕಿತ್ತು. ತಂತಿಯ ಲಕೋಟೆ ಬಾಗಿಲ ಕೆಳಗೆ ಅರ್ಧ ಒಳಗೆ, ಅರ್ಧ ಹೊರಗೆ. ಒಡೆದಿರಲಿಲ್ಲ. ಕಿಟಕಿಗೆ ಪರದೆ. ಕಿವಿಯಿಟ್ಟರೆ ಯಂತ್ರದ ಸದ್ದು ಮಾತ್ರ ಸಣ್ಣಗೆ ಕೇಳುತ್ತಿತ್ತು. ಗೊರಕೆ ಇರಲಿಲ್ಲ.

ಗೊರಕೆ ಇರಲಿಲ್ಲ, ಮೊಂಡಿ. ಆ ಮೌನ ನನಗೆ ಗೊತ್ತು.

ಬಾಗಿಲ ಸಂದಿನಲ್ಲಿ ಹುರಿಯ ತುದಿ ಕಾಣಿಸಿತು. ಜೀವ ಬಂದ ಹಾಗಾಯಿತು. ಬಿಚ್ಚಿಲ್ಲ ಇವಳು, ಪುಣ್ಯಾತ್ಗಿತ್ತಿ, ಅಂದುಕೊಂಡು ಎಳೆದೆ. ಹುರಿ ಬಂತು. ಇನ್ನೂ ಎಳೆದೆ, ಇನ್ನೂ ಬಂತು. ಕೈ ಬದಲಿಸುತ್ತ ಎಳೆಯುತ್ತಲೇ ಇದ್ದೆ, ಬಾವಿಯಿಂದ ಹಗ್ಗ ಎಳೆದ ಹಾಗೆ. ಕೊನೆಗೆ ಬಾಗಿಲ ಸಂದಿನಿಂದ ಹೆಬ್ಬೆರಳಿನ ಕುಣಿಕೆ ಹೊರಗೆ ಬಂತು, ಖಾಲಿ. ಆಗ ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಗಡಿಯಾರದವನು ಹೇಳಿದ.

'ಯಾರ್ರೀ ನೀವು? ಹಾಡಹಗಲೇ ಬಾಗಿಲು ಮುರೀತಿದೀರಲ್ಲ!' ಒಂದು ಕಣ್ಣಿಗೆ ಗಾಜಿನ ಬಿಲ್ಲೆ ಸಿಕ್ಕಿಸಿಕೊಂಡೇ ಓಡಿಬಂದಿದ್ದ.

'ಅವಳಣ್ಣ. ಆ ಕಡೆ ಹಿಡ್ಕೋ.'

'ಗುರುತು ಏನು?'

'ಗುರುತು? ಅವಳು ನನ್ನ ಬಗ್ಗೆ ಏನಾದ್ರೂ ಹೇಳಿದ್ರೆ ಅದೇ ಗುರುತು!'

'ಓ, ಬೈಯೋ ಅಣ್ಣಾನಾ?' ಅಂದ. ಹೆಗಲು ಕೊಟ್ಟ. ಚಿಲಕ ಕಿತ್ತುಬಂತು.

ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಮಾಸ್ಕು ಮುಖದ ಮೇಲಿತ್ತು. ತೂತು ಆ ಕಡೆಗಿತ್ತು. ನಿನ್ನ ಬೆನ್ನು ಕದಲುತ್ತಿದೆಯೋ ನನ್ನ ಕಣ್ಣೇ ನಡುಗುತ್ತಿದೆಯೋ ತಿಳಿಯಲಿಲ್ಲ. ಮಂಚದ ಮೇಲೆ ಮೊಣಕಾಲೂರಿ, ನಿನ್ನ ಮೇಲಿಂದ ಕೈ ಚಾಚಿ, ಅಂಗೈಯನ್ನು ಮಾಸ್ಕಿನ ಮುಂದೆ ಹಿಡಿದೆ.

ಗಾಳಿ ಹೊಡೆಯಿತು. ಆರು ತೂತಿನಿಂದಲೂ. ಬೆಚ್ಚಗೆ, ಒಂದು ಸಲ ಜೋರಾಗಿ, ಒಂದು ಸಲ ಮೆಲ್ಲಗೆ. ನಿನ್ನ ಉಸಿರು.

ಗಡಿಯಾರದವನು 'ಎಬ್ಬಿಸ್ಲಾ?' ಅಂದ. ಬೇಡ ಅಂದೆ. ಅವನು ಚಹಾ ತಂದುಕೊಟ್ಟು ಹೋದ. ನಾನು ಕುರ್ಚಿ ಎಳೆದುಕೊಂಡು ಕೂತಿದ್ದೇನೆ. ನೀನು ಎರಡಕ್ಕೆ ಏಳುವವರೆಗೆ ಒಂದೊಂದು ಉಸಿರನ್ನೂ ನೋಡುತ್ತೇನೆ. ಈ ಸಲ ಮಗ್ಗುಲು ತಿರುಗುವುದಿಲ್ಲ, ಯಾರು ಎಷ್ಟೇ ಗೊರಕೆ ಹೊಡೆದರೂ, ನಿಲ್ಲಿಸಿದರೂ, ನಾನು ಇಲ್ಲೇ ಕೂತು



ಅದೇ ಹಾಳೆಯ ಕೆಳಗೆ, ಮಧ್ಯಾಹ್ನ ಎರಡೂಕಾಲು

ಅಣ್ಣ,

ಪೆನ್ನನ್ನು ನಿನ್ನ ಕೈಯಿಂದ ನಾನು ತೆಗೆದೆ. ಶಾಯಿ ಅಂಗಿಗೆ ಹತ್ತಿದೆ, ಅತ್ತಿಗೆಗೆ ನೀನೇ ಉತ್ತರ ಹೇಳು.

ಎದ್ದಾಗ ನೀನು ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ ಮಲಗಿದ್ದೆ. ಬಾಯಿ ತೆರೆದಿತ್ತು. ಮೊದಲು ನಗು ಬಂತು. ಹಾಳೆ ಎತ್ತಿಕೊಂಡು ಓದಿದೆ. ಓದುತ್ತ ಓದುತ್ತ ತಲೆಯೆತ್ತಿದರೆ ನಿನ್ನ ಎದೆ ನಿಂತಿತ್ತು.

ನನಗೆ ಗೊರಕೆ ಕೇಳಿಸುವುದಿಲ್ಲ, ನಿಂತದ್ದೂ ಕೇಳಿಸುವುದಿಲ್ಲ. ಕಣ್ಣಿಗೆ ಕಾಣುತ್ತದೆ ಅಷ್ಟೇ. ಹೊಟ್ಟೆ ಒಳಗಿಂದ ಎಳೆದುಕೊಳ್ಳುತ್ತಿತ್ತು, ಎದೆ ಏಳುತ್ತಿರಲಿಲ್ಲ. ಮಗ್ಗದ ಎಳೆ ಎಣಿಸಿ ಅಭ್ಯಾಸ ನನಗೆ. ಇಪ್ಪತ್ತೆರಡು ಎಣಿಸಿದೆ. ನಿನ್ನ ತುಟಿಯ ಬಣ್ಣ ಬದಲಾಯಿತು. ಇಪ್ಪತ್ತೇಳು. ಎರಡು ಕೈಯೂ ಕುರ್ಚಿಯ ತೋಳನ್ನು ಮುಷ್ಟಿಮಾಡಿ ಹಿಡಿದಿದ್ದವು.

ಕೆನ್ನೆಗೆ ಹೊಡೆದೆ. ಅದಕ್ಕೇ ಉರಿಯುತ್ತಿರುವುದು.

ನಿನ್ನ ಯಂತ್ರವೆಲ್ಲಿ? ನನಗೆ ಹುರಿಯಿಂದ ಹಿಡಿದು ನೀರಿನವರೆಗೆ ಬುದ್ಧಿ ಹೇಳಿದವನು ನಿನ್ನದನ್ನು ಮನೆಯಲ್ಲಿ ಬಿಟ್ಟು, ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಿ, ಇಲ್ಲಿ ಬಂದು ಕಾವಲು ಕೂರುತ್ತೀಯಾ? ಇನ್ನು ಮೇಲೆ ಊರುಬಿಟ್ಟು ಊರಿಗೆ ಹೊರಟರೆ ಬಟ್ಟೆಯ ಚೀಲ ಮರೆತರೂ ಪರವಾಗಿಲ್ಲ, ಯಂತ್ರ ಮರೆಯಬಾರದು. ಹಗಲು ಹತ್ತು ನಿಮಿಷ ಮಲಗಿದರೂ ಅದು ಮುಖದ ಮೇಲಿರಬೇಕು. ಇದು ನನ್ನ ಬುದ್ಧಿಮಾತು, ಒಂದೇ ಒಂದು.

ನಿನ್ನ ಪತ್ರ ಮೊನ್ನೆ ಬಂತು. ತಂತಿ ಇವತ್ತು ನಾನು ಮಲಗಿದ ಮೇಲೆ ಬಂದಿರಬೇಕು. ಹುರಿ ಬಿಚ್ಚಿದೆ. ಗದ್ದದ ಪಟ್ಟಿ ಕಟ್ಟಿದೆ. ಪ್ಯಾಚನ್ನು ಬಚ್ಚಲ ಸೋರುವ ಬಕೆಟ್ಟಿಗೆ ಅಂಟಿಸಿದೆ, ಚೆನ್ನಾಗಿ ಹಿಡಿದಿದೆ. ತೂತು ಮುಚ್ಚದೆ ಇದ್ದದ್ದು ಬುದ್ಧಿವಂತಿಕೆಯಿಂದ ಅಲ್ಲ. ಯಂತ್ರ ನಡೆಯುತ್ತಿದೆಯೋ ಇಲ್ಲವೋ ಅಂತ ನಿಮಗೆಲ್ಲ ಸದ್ದಿನಿಂದ ಗೊತ್ತಾಗುತ್ತದೆ. ನನಗೆ ಹೇಗೆ ಗೊತ್ತಾಗಬೇಕು? ಆ ತೂತುಗಳ ಮುಂದೆ ಬೆರಳಿಟ್ಟುಕೊಂಡು ಮಲಗುತ್ತೇನೆ. ಗಾಳಿ ಬಡಿಯುತ್ತಿದ್ದರೆ ನಿದ್ದೆ ಬರುತ್ತದೆ. ಅದನ್ನು ಮುಚ್ಚು ಅಂತ ನೀನು ಬರೆದಾಗ, ಇವನಿಗೇನು ಗೊತ್ತು ಕಿವಿಯಿರುವವನಿಗೆ ಅಂದುಕೊಂಡೆ.

ಅಪ್ಪನ ವಿಷಯಕ್ಕೆ ಉತ್ತರ ಬರೆದಿರಲಿಲ್ಲ. ಸಿಟ್ಟಿತ್ತು. ಇಷ್ಟು ವರ್ಷ ನಾನು ನೆನೆಸಿಕೊಂಡು ಮಲಗುತ್ತಿದ್ದ ಆ ಮುಖ ನೀನು ಮಾಡಿದ್ದು ಅಂತ.

ಇವತ್ತು ನಾನು ನೋಡಿದೆ ಅಣ್ಣ. ಪರದೆ ಸರಿಸಿದ್ದೆ, ಕಿಟಕಿಯಲ್ಲಿ ಬಿಸಿಲಿತ್ತು, ಅದಕ್ಕೆ ನೋಡಿದೆ. ಕಗ್ಗತ್ತಲಾಗಿದ್ದರೆ ನೀನು ಹೋಗಿರುತ್ತಿದ್ದೆ, ನಾನು ಪಕ್ಕದಲ್ಲೇ ಕೂತಿದ್ದರೂ ಗೊತ್ತಾಗುತ್ತಿರಲಿಲ್ಲ. ಆ ರಾತ್ರಿ ನಿನ್ನ ಕೋಣೆಯಲ್ಲಿ ದೀಪವಿರಲಿಲ್ಲ. ನೀನೇ ಬರೆದಿದ್ದೀಯ, ನಾಲ್ಕೂವರೆಗೆ ಹಚ್ಚಿದೆ ಅಂತ.

ಈಗ ನೀನು ಎದ್ದು ನಿಂತು ಕೆನ್ನೆ ಹಿಡಿದುಕೊಂಡು ಬೈಯುತ್ತಿದ್ದೀಯ. ಬಾಯಿ ಆಡುವುದು ಕಾಣುತ್ತಿದೆ. ನಡುನಡುವೆ ಅಳುತ್ತಿರುವುದರಿಂದ ತುಟಿ ಓದಲು ಆಗುತ್ತಿಲ್ಲ. ಪೆನ್ನು ತಗೋ, ಬರೆದು ಕೊಡು.

ತಂಗಿ



ಚಿಲಕ ಸರಿಮಾಡುತ್ತೇನೆ. ಹುರಿಯನ್ನು ಮತ್ತೆ ಕಾಲಿಗೆ ಕಟ್ಟಿಕೋ, ಕೊಳವೆ ಗೋಡೆಯ ಮೊಳೆಯ ಮೇಲಿದ್ದರೆ ಸುತ್ತುವುದಿಲ್ಲ. ಈಗ ಆ ಯಂತ್ರ ಹಾಕಿಕೊಂಡು ಒಂದು ಗಳಿಗೆ ಸುಮ್ಮನೆ ಕೂರು. ಇನ್ನೊಂದು ಸಲ ಕೈಯಿಟ್ಟು ನೋಡುತ್ತೇನೆ.

ಅಣ್ಣ